ಉಂಡ ಮೇಲಿನ ಕೆಲಸ

೪ ಜೂನ್ ೨೦೦೭, ಸೋಮವಾರ

ಸೊಸೈಟಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಇದು. ಇಷ್ಟು ದಿನ ಗೂಡಿನಲ್ಲಿ ಬಿದ್ದಿತ್ತು. ಹೆಂಡತಿ ಇಂದುಬಾಯಿ ಇದ್ದಾಗ ದಿನದ ಸುದ್ದಿಯನ್ನು ಆಕೆಗೆ ಹೇಳಿದರೆ ಮುಗಿಯುತ್ತಿತ್ತು. ಏಪ್ರಿಲ್‌ನಲ್ಲಿ ಆಕೆ ತೀರಿಕೊಂಡ ಮೇಲೆ ಹೇಳುವುದೆಲ್ಲ ಬಾಯಲ್ಲೇ ಉಳಿಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ಮಗಳು ಆರತಿಯನ್ನು ಗೋಕಾಕಕ್ಕೆ ಕರೆದುಕೊಂಡು ಹೋಗಿದ್ದೆ. ಅವಳಿಗೀಗ ಇಪ್ಪತ್ತೆರಡು. ಅವಳಿಗಿರುವುದಕ್ಕೆ ಆಟಿಸಂ ಎನ್ನುತ್ತಾರೆ ಎಂದು ಬೆಳಗಾವಿಯ ಡಾಕ್ಟರು ಹೇಳಿದಾಗ ಹದಿನಾರು ತುಂಬಿತ್ತು. ಅಲ್ಲಿಯವರೆಗೆ ನಮ್ಮೂರು ನಾಗನೂರಿನವರು ಒಬ್ಬೊಬ್ಬರು ಒಂದೊಂದು ಹೆಸರಿಟ್ಟಿದ್ದರು. ಅವಳಂಥವರು ದೊಡ್ಡವರಾದ ಮೇಲೆ ಒಂದು ಕೆಲಸ ಹಿಡಿಯುವಂತೆ ತಯಾರು ಮಾಡುವ ಕೇಂದ್ರವನ್ನು ಗೋಕಾಕದಲ್ಲಿ ಒಂದು ಟ್ರಸ್ಟಿನವರು ತೆರೆದಿದ್ದಾರೆ. ಆರತಿಯ ಹೆಸರು ಹಚ್ಚಿದ್ದು ಇಂದುಬಾಯಿ, ಆಸ್ಪತ್ರೆ ಸೇರುವ ಮುಂಚೆ. ಆಕೆ ಮಾಡಿಟ್ಟ ಕೆಲಸ ಎಂದು ಹೋದೆ, ನಂಬಿಕೆಯಿಂದ ಅಲ್ಲ.

ಕಲಿಸುವವರು ವಿಜಯಲಕ್ಷ್ಮಿ. ಎಲ್ಲರೂ ಅಕ್ಕೋರು ಎನ್ನುತ್ತಾರೆ. "ನಿನ್ನ ಹೆಸರ ಏನವಾ?" ಎಂದು ಕೇಳಿದರು. ನಾನು, "ಆರತಿ ಅಂತ್ರಿ" ಎಂದೆ. "ಏನ ಉಂಡ ಬಂದಿ?" ಎಂದರು. "ರೊಟ್ಟಿ ಪಲ್ಲೆ ಉಂಡಾಳ್ರಿ" ಎಂದೆ.

ಅಕ್ಕೋರು ನಕ್ಕರು. "ಕಾಕಾ, ನಾ ಸೇರಿಸ್ಕೊಳ್ಳಾಕತ್ತಿದ್ದು ನಿಮ್ಮನ್ನೋ ಆಕಿನ್ನೋ?"

ಆರತಿ ಗೋಡೆಗೆ ಅಂಟಿಸಿದ ಚಿತ್ರದ ಕಾರ್ಡುಗಳನ್ನೇ ನೋಡುತ್ತಿದ್ದಳು. ಸಂಜೆ ಬಿಡುವವರೆಗೂ ಅವಳ ಬಾಜೂ ಬೆಂಚಿನ ಮೇಲೆ ಕುಳಿತಿದ್ದೆ.

ಮನೆಗೆ ಬಂದು ಹೊತ್ತಿರುವಾಗಲೇ ಅವಳಿಗೆ ಬಡಿಸಿದೆ. ನನಗೆ ಬೇಕಾಗಲಿಲ್ಲ.

೧೦ ಜೂನ್, ರವಿವಾರ

ಬೆಲ್ಲದ ಬಾಗೇವಾಡಿಯಿಂದ ಅಕ್ಕ ಚಂಪಾಬಾಯಿ ಬಂದಿದ್ದಳು. ಚಪ್ಪಲಿ ಬಿಡುತ್ತಲೇ ಆರತಿಯ ಜಡೆ ನೋಡಿದಳು.

"ಇದನ್ನ ಯಾರ ಹೆಣದಾರ ನೇಮೂ?"

"ನಾನ. ಕಲ್ತೇನಿ."

"ಕಲ್ತಿದ್ದ ಕಾಣಾಕತ್ತೈತಿ. ಎಮ್ಮಿ ಕಟ್ಟೂ ಹಗ್ಗ ಹೊಸದಂಗ ಹೊಸದಿ."

ಜಡೆ ಬಿಚ್ಚಿ ಮತ್ತೆ ಹೆಣೆಯುತ್ತ, ಬಂದ ವಿಷಯ ಹೇಳಿದಳು. ಸಾಂಗಲಿಯ ಆಚೆ ನಮ್ಮ ಜೈನರದೇ ಒಂದು ಆಶ್ರಮವಿದೆ. ಸಂಕ್ರಾಂತಿಯ ನಂತರ ಅಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಆರತಿಯನ್ನು ಅಲ್ಲಿ ಬಿಡಬೇಕು.

"ನೀ ಇರೂತನಕ ನೀ ನೋಡ್ತಿ, ಖರೆ. ನಿನ್ನ ಹಿಂದ ಯಾರ ನೋಡ್ತಾರ? ನನಗೂ ವಯಸ್ಸಾತು."

ಅಕ್ಕ ಕೆಟ್ಟವಳಲ್ಲ. ಸಂಕ್ರಾಂತಿಯವರೆಗೆ ಸಮಯ ಕೇಳಿದೆ. ಅಷ್ಟರೊಳಗೆ ಆರತಿ ಒಂದು ಕೆಲಸ ಹಿಡಿದು ತಾನೇ ಹೋಗಿ ಬರುವಂತಾದರೆ ಇಲ್ಲೇ ಇರುವುದು, ಇಲ್ಲದಿದ್ದರೆ ಆಶ್ರಮ. ಹಾಗೆಂದು ಮಾತಾಯಿತು. ಆರತಿ ತಲೆ ಕೊಟ್ಟು ಕುಳಿತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ.

೨೧ ಜೂನ್, ಗುರುವಾರ

ಅಕ್ಕೋರು ನನ್ನನ್ನು ಬೆಂಚಿನಿಂದ ಎಬ್ಬಿಸಿ ಪಡಸಾಲೆಗೆ ಕಳಿಸಿದರು. ನಾನು ಒಳಗಿದ್ದರೆ ಆರತಿ ಪ್ರತಿ ಕೆಲಸಕ್ಕೂ ನನ್ನ ಮುಖ ನೋಡುತ್ತಾಳಂತೆ.

೧೪ ಜುಲೈ, ಶನಿವಾರ

ಪಡಸಾಲೆಯಿಂದಲೂ ಎಬ್ಬಿಸಿದ್ದಾರೆ. ಈಗ ನನ್ನ ಜಾಗ ಅಂಗಳದ ಬೇವಿನ ಮರದ ಕೆಳಗೆ. ಮಳೆ ಬಂದರೆ ಕೊಡೆ ಬಿಚ್ಚಿಕೊಳ್ಳುತ್ತೇನೆ. "ಕಾಕಾ, ಊರಿಗೆ ಹೋಗಿ ಸಂಜೀಕ ಬರ್ರಿ" ಎಂದು ಅಕ್ಕೋರು ಹೇಳುತ್ತಾರೆ. ಊರಿನಲ್ಲಿ ನನಗೇನಿದೆ? ಹೊಲವನ್ನು ಪಾಲಿಗೆ ಕೊಟ್ಟಾಗಿದೆ.

ಕಿಟಕಿಯಿಂದ ಕಂಡಷ್ಟು ಬರೆಯುತ್ತೇನೆ. ಗೋಡೆಯ ಮೇಲೆ ಸಾಲಾಗಿ ಕಾರ್ಡುಗಳಿವೆ. ಒಂದರಲ್ಲಿ ಕೈ ತೊಳೆಯುವ ಚಿತ್ರ, ಮುಂದಿನದರಲ್ಲಿ ಟೊಪ್ಪಿಗೆ, ಅದರ ಮುಂದಿನದರಲ್ಲಿ ಕಾಳು ಆರಿಸುವುದು. ಒಂದು ಮುಗಿದರೆ ಅವಳು ಆ ಕಾರ್ಡನ್ನು ಕಿತ್ತು ಡಬ್ಬಿಗೆ ಹಾಕಿ ಮುಂದಿನದಕ್ಕೆ ಹೋಗುತ್ತಾಳೆ. ಮಿಕ್ಸರ್ ಹಾಕಿದಾಗ ಕಿವಿ ಮುಚ್ಚಿಕೊಂಡು ಕಿರುಚುತ್ತಿದ್ದವಳು ಈಗ ತಾನೇ ಹತ್ತಿ ತೆಗೆದುಕೊಂಡು ಕಿವಿಗಿಟ್ಟುಕೊಳ್ಳುತ್ತಾಳೆ. ಏನಾದರೂ ತಿಳಿಯದಿದ್ದರೆ ಕೈ ಎತ್ತುತ್ತಾಳೆ. ಇವತ್ತು ಎತ್ತಿದಳು. ಅಕ್ಕೋರು ಬೇಕೆಂದೇ ತಡ ಮಾಡಿದರು. ಕೈ ಇಳಿಸದೆ ಕಾದಳು.

ನಾನು ಕಿಟಕಿಯ ಸರಳು ಹಿಡಿದು ನಿಂತಿದ್ದೆ. ತೋಯ್ದದ್ದು ಆಮೇಲೆ ಗೊತ್ತಾಯಿತು.

೨೦ ಆಗಸ್ಟ್, ಸೋಮವಾರ

ನಾಗರ ಪಂಚಮಿ ಬಂತು, ಹೋಯಿತು. ಉಂಡಿ ಕಟ್ಟುವವರು ಯಾರು? ಬರೆಯಲು ಏನೂ ಇಲ್ಲ.

೩ ಅಕ್ಟೋಬರ್, ಬುಧವಾರ

ಆರತಿ ಕೆಲಸಕ್ಕೆ ಹೋದಳು.

ಅಕ್ಷರ ದೊಡ್ಡದಾಗಿದೆ. ಇರಲಿ. ರಾಜಪ್ಪನವರು ಗೋಕಾಕದಲ್ಲಿ ಕರದಂಟು ಮಾಡುತ್ತಾರೆ. ಹಿಂದೆ ಕಾರ್ಖಾನೆ, ಮುಂದೆ ಅಂಗಡಿ. ಅಕ್ಕೋರು ಅವರನ್ನು ಒಪ್ಪಿಸಿದ್ದಾರೆ. ಬೆಲ್ಲದ ಪಾಕ, ತುಪ್ಪದಲ್ಲಿ ಅಂಟು ಕರಿಯುವುದು ಗಂಡಸರ ಕೆಲಸ. ಆರತಿಯದು ಒಣದ್ರಾಕ್ಷಿಯ ತೊಟ್ಟು ಬಿಡಿಸುವುದು, ಆರಿದ ತುಂಡುಗಳನ್ನು ಡಬ್ಬಿಗಳಲ್ಲಿ ಹೊಂದಿಸುವುದು. ಮೊದಲ ದಿನಗಳಲ್ಲಿ ಅಕ್ಕೋರು ಅವಳ ಹಿಂದೆ ನಿಲ್ಲುತ್ತಾರೆ, ಆಮೇಲೆ ಬಾಗಿಲಲ್ಲಿ, ಆಮೇಲೆ ಬರುವುದಿಲ್ಲ. ನನಗೆ ಒಳಗೆ ಪ್ರವೇಶವೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಾಯಬೇಕು.

ಅವಳ ಬಾಜೂ ಕೂರುವವಳು ಕರೆವ್ವ ಎಂಬ ಹಿರಿಯ ಹೆಂಗಸು. ಕುರುಬರವಳು, ನಮ್ಮ ದಾರಿಯಲ್ಲೇ ಇರುವ ಹಳ್ಳಿಯವಳು. ಬಾಯಿ ಜೋರು. ಸಂಜೆ ಬಸ್ಸಿನಲ್ಲಿ ಹೇಳಿದಳು:

"ಏನ್ ಮಗಳನ್ನ ಹಡದೀರಿ ಕಾಕಾ! ಮುಂಜಾನಿಂದ ನಾ ಒಬ್ಬಾಕಿನ ಮಾತಾಡೇನಿ. ನನ್ನ ಗಂಡಗ ಹೇಳಿದ್ರ ಸುದ್ದಿ ಊರ ತುಂಬ ಆಕ್ಕೈತಿ. ಈಕಿ ಕಡೆ ಹೇಳಿದ್ದ ಬಾಂವ್ಯಾಗ ಕಲ್ಲ ಹಾಕಿದಂಗ."

ಆರತಿ ಕಿಟಕಿಯ ಹೊರಗೆ ನೋಡುತ್ತ, ಕರೆವ್ವನದೇ ದನಿಯಲ್ಲಿ, "ಬಾಂವ್ಯಾಗ ಕಲ್ಲ ಹಾಕಿದಂಗ" ಎಂದಳು. ಕೇಳಿದ ಮಾತನ್ನು, ಆಡಿದವರ ದನಿಯಲ್ಲೇ ತಿರುಗಿ ಆಡುವುದು ಅವಳ ರೂಢಿ. ಕರೆವ್ವ ನಕ್ಕಿದ್ದಕ್ಕೆ ಬಸ್ಸಿನವರೆಲ್ಲ ತಿರುಗಿ ನೋಡಿದರು.

ಮುಂದಿನ ಸೀಟಿನಲ್ಲಿದ್ದ ಮೂಡಲಗಿಯ ಪರಿಚಯದವನೊಬ್ಬ, "ಮಗಳು ಏನ ಮಾಡ್ತಾಳ್ರಿ?" ಎಂದು ಕೇಳಿದ. ಇಷ್ಟು ವರ್ಷ ಅವಳ ಬಗ್ಗೆ ಜನ ಏನೇನೋ ಕೇಳಿದ್ದಾರೆ. ಈ ಪ್ರಶ್ನೆಯನ್ನು ಕೇಳಿರಲಿಲ್ಲ. "ಕರದಂಟಿನ ಕಾರ್ಖಾನ್ಯಾಗ ಕೆಲಸಾ ಮಾಡ್ತಾಳ್ರಿ" ಎಂದೆ. ಅವನು ಕೇಳದಿದ್ದರೂ ಇಳಿಯುವಾಗ ಇನ್ನೊಮ್ಮೆ ಹೇಳಿದೆ.

೩ ನವೆಂಬರ್, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಇಷ್ಟು ದಿನ ಕೆಲಸ ಐದಕ್ಕೆ ಬಿಡುತ್ತಿತ್ತು. ದೀಪಾವಳಿಯ ಗಡಿಬಿಡಿಗೆ ಇವತ್ತಿನಿಂದ ಏಳರವರೆಗೆ ಎಂದು ರಾಜಪ್ಪನವರು ಹೇಳಿದ್ದರು. ನಾನು ಒಪ್ಪಿದ್ದೆ. ಹೊತ್ತು ಇಳಿಯುವ ಹೊತ್ತಿಗೆ ಬಸ್ ಸ್ಟ್ಯಾಂಡಿಗೆ ಕರೆವ್ವ ಓಡಿಬಂದಳು. ಸೆರಗು ರಸ್ತೆಗೆ ಬೀಳುತ್ತಿತ್ತು.

"ಕಾಕಾ, ಆರತಿ ನಿಮ್ಮ ಕಡೆ ಬಂದಾಳೇನ್ರಿ? ಡಬ್ಬಿ ತರಾಕ ಒಳಗ ಹೋಗಿದ್ದೆ, ತಿರಗಿ ನೋಡಿದ್ರ ಇಲ್ಲ. ಏಪ್ರನ್ ಮಡಚಿ ಇಟ್ಟ ಹೋಗ್ಯಾಳ."

ಪೇಟೆಯ ಓಣಿಗಳನ್ನೆಲ್ಲ ತಿರುಗಿದೆವು. ಹೊಳೆಯ ಕಡೆ ಮಾತ್ರ ನಾನು ಹೋಗಲಿಲ್ಲ. ರಾಜಪ್ಪನವರೇ ಬ್ಯಾಟರಿ ಹಿಡಿದು ಹೋದರು. ಕತ್ತಲಾದ ಮೇಲೆ ಅಕ್ಕೋರಿಗೆ ಸಿಕ್ಕಳು. ಆರತಿ ಬೀಗ ಹಾಕಿದ ಕೇಂದ್ರದ ಮೆಟ್ಟಿಲ ಮೇಲೆ ಕುಳಿತಿದ್ದಳು. ಅಂಗಳದ ನಳದಲ್ಲಿ ಕೈ ತೊಳೆದುಕೊಂಡಿದ್ದಳು. ಮಧ್ಯಾಹ್ನದ ಖಾಲಿ ಬುತ್ತಿ ಡಬ್ಬಿಯನ್ನು ಮುಂದೆ ತೆರೆದಿಟ್ಟಿದ್ದಳು. ಬಾಜೂ ಮನೆಯವರು ಕೊಟ್ಟ ಬಾಳೆಹಣ್ಣು ಹಾಗೆಯೇ ಇತ್ತು.

ಸುಲಿದು ಬಾಯಿಯ ಹತ್ತಿರ ಹಿಡಿದೆ. ನನ್ನ ಕೈ ಸರಿಸಿ ಹೇಳಿದಳು: "ಹೊತ್ತ ಮುಣಗಿತು. ಇನ್ನ ನಾಳಿಗೆ."

ಅದು ಇಂದುಬಾಯಿಯ ದನಿ. ನಮ್ಮವರಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ದಿನಾಲೂ ಇಂದುಬಾಯಿ ಹೊತ್ತಿರುವಾಗಲೇ ಎಲ್ಲರಿಗೂ ಬಡಿಸಿ, ತಾನೂ ಉಂಡು, ಒಲೆ ಮುಚ್ಚಿ ಈ ಮಾತು ಹೇಳುತ್ತಿದ್ದಳು. ಅಲ್ಲಿಗೆ ದಿನ ಮುಗಿಯಿತು. ಏಪ್ರಿಲ್‌ನಿಂದ ನಾನು ಯಾವಾಗಲೋ ಉಣ್ಣುತ್ತೇನೆ, ಇಲ್ಲವೇ ಬಿಡುತ್ತೇನೆ. ಆರತಿ ಹೊತ್ತಿಗೆ ಸರಿಯಾಗಿ ತಾಟು ತಂದು ಮುಂದಿಡುವುದರಿಂದ ಅವಳಿಗೆ ಮಾತ್ರ ಬಡಿಸುತ್ತಿದ್ದೆ. ಇವತ್ತು ಮಧ್ಯಾಹ್ನದ ಬುತ್ತಿಯಷ್ಟೇ ಕಟ್ಟಿದ್ದೆ. ಬಿಸಿಲು ಗೋಡೆ ಹತ್ತಿದ್ದು ನೋಡಿ, ಅವಳು ಕೈ ತೊಳೆದು ಊಟ ಹುಡುಕುತ್ತ ಹೊರಟಿದ್ದಾಳೆ. ಕಾರ್ಖಾನೆ ಬಿಟ್ಟರೆ ಹೊರಗೆ ಉಂಡು ಗೊತ್ತಿರುವ ಜಾಗ ಅದೊಂದೇ.

ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಹಸಿದುಕೊಂಡೇ.

೫ ನವೆಂಬರ್, ಸೋಮವಾರ

ರಾಜಪ್ಪನವರು ಕುರ್ಚಿ ಕೊಟ್ಟು, ಚಹಾ ತರಿಸಿ, ಮೆಲ್ಲಗೆ ಹೇಳಿದರು.

"ನೇಮಣ್ಣಾರ, ಹುಡುಗಿ ಕೆಲಸಾ ಬೇಶ್ ಐತಿ, ಸುಳ್ಳ ಹೇಳೂದಿಲ್ಲ. ಆದ್ರ ಹಿಂಗ ಎದ್ದ ಹೋಗಿ ನಾಳೆ ಏನರೆ ಆತಂದ್ರ ನಾ ಯಾರ ಮುಂದ ನಿಲ್ಲಲ್ರಿ? ಸದ್ಯೇಕ ಮನ್ಯಾಗ ಇರ್ಲಿ. ಲಗ್ನದ ಸೀಜನ್ ಬರ್ಲಿ, ನೋಡೂಣು."

ಸುದ್ದಿ ಬಾಗೇವಾಡಿಗೂ ಮುಟ್ಟಿದೆ. ಬಾಜೂ ಮನೆಯ ಫೋನಿಗೆ ಅಕ್ಕ ಕರೆ ಮಾಡಿದ್ದಳು. "ಸಂಕ್ರಾಂತಿ ತನಕ ಇನ್ನ ಯಾಕ ಕಾಯೂದು ನೇಮೂ?"

"ಮಾತ ಮಾತ ಅಕ್ಕಾ. ಸಂಕ್ರಾಂತಿ ಅಂದ್ರ ಸಂಕ್ರಾಂತಿ" ಎಂದೆ. ಅಕ್ಕನಿಗೆ ಹಿಂದೆಂದೂ ಎದುರು ಮಾತಾಡಿದ್ದು ನೆನಪಿಲ್ಲ.

ಅಕ್ಕೋರು ಧೈರ್ಯಗೆಟ್ಟಿಲ್ಲ. "ಇದು ಆಕಿ ಚೂಕ ಅಲ್ಲ ಕಾಕಾ, ನನಗ ಗೊತ್ತಿರಲಿಲ್ಲ. ಸಂಜಿ ಊಟದ ಕಾರ್ಡ್ ಮಾಡ್ತೇನಿ, ಅದರ ಮುಂದ ಮತ್ತ ಕೆಲಸದ ಕಾರ್ಡ್. ಆದ್ರ ಉಂಡ ಮ್ಯಾಲೂ ಕೆಲಸಾ ಇರ್ತೈತಿ ಅನ್ನೂದ ಆಕಿಗೆ ಗೊತ್ತ ಇಲ್ಲ. ಅದನ್ನ ಮನ್ಯಾಗ ನೀವ ಕಲಸ್ಬೇಕು."

೯ ನವೆಂಬರ್, ಶುಕ್ರವಾರ

ದೀಪಾವಳಿ. ಬೆಳಗಿನ ಜಾವ ಬಸದಿಯಲ್ಲಿ ದೇವರಿಗೆ ಲಾಡು ಏರಿಸುವ ಪೂಜೆಗೆ ಆರತಿಯನ್ನು ಕರೆದುಕೊಂಡು ಹೋದೆ. ಬಸದಿಯ ಮೆಟ್ಟಿಲು ಹತ್ತಿ ಬಹಳ ದಿನವಾಗಿತ್ತು. ಗಂಟೆಯ ಸದ್ದಿಗೆ ಅವಳು ಕಿವಿಗೆ ಹತ್ತಿ ಇಟ್ಟುಕೊಂಡಿದ್ದಳು. ತಾನೇ ಮನೆಯಿಂದ ತಂದಿದ್ದಳು.

೧೪ ನವೆಂಬರ್, ಬುಧವಾರ

ಆಗುತ್ತಿಲ್ಲ. ಹೊತ್ತಿರುವಾಗ ಬಡಿಸುತ್ತೇನೆ. ಉಂಡು ಕೈ ತೊಳೆದ ಮೇಲೆ ಶೇಂಗಾ ತುಂಬಿದ ಮೊರ ಮುಂದಿಟ್ಟು, "ಸುಲಿ ಆರತಿ" ಎನ್ನುತ್ತೇನೆ. ಅವಳು ಒಲೆಯ ಮೇಲೆ ತಾಟು ಮುಚ್ಚಿ, "ಇನ್ನ ನಾಳಿಗೆ" ಎಂದು ಹಾಸಿಗೆಗೆ ಹೋಗುತ್ತಾಳೆ. ಕಾರ್ಡು ತೋರಿಸಿದರೆ ಅದನ್ನೂ ತಾಟಿನ ಕೆಳಗೆ ಇಡುತ್ತಾಳೆ.

ತಾಯಿ ಕಲಿಸಿದ್ದನ್ನು ಕೆಡಿಸುತ್ತಿದ್ದೇನೋ ಎಂದೂ ಅನಿಸುತ್ತದೆ.

೨೦ ನವೆಂಬರ್, ಮಂಗಳವಾರ

ಅಕ್ಕೋರು ನಾಗನೂರಿಗೆ ಬಂದಿದ್ದರು. ಸಂಜೆಯವರೆಗೆ ಕುಳಿತು ಎಲ್ಲ ನೋಡಿದರು. ಆಮೇಲೆ ಕೇಳಿದರು:

"ನೀವ ಯಾವಾಗ ಉಣ್ತೀರಿ ಕಾಕಾ?"

"ಯಾವಾಗರೆ."

"ಆಕಿ ಉಣ್ಣೂವಾಗ ಏನ ಮಾಡ್ತೀರಿ?"

"ಬಾಜೂಕ ನಿಂತ ಹೇಳ್ತೇನ್ರಿ. ಉಣ್ಣವಾ, ಉಂಡ ಕೆಲಸಾ ಮಾಡವಾ ಅಂತ."

"ಹೇಳೂದ ಬಿಡ್ರಿ. ಕುಂತ ಉಣ್ರಿ, ಎದ್ದ ಕೆಲಸಾ ಮಾಡ್ರಿ. ಆಕಿ ಕಿವೀಲೆ ಕಲಿಯೂಕಿ ಅಲ್ಲ, ಕಣ್ಣೀಲೆ ಕಲಿಯೂಕಿ. ಆಕಿ ಅವ್ವ ಉಂಡು ಒಲಿ ಮುಚ್ಚೂದನ್ನ ನೋಡಿದ್ಲು, ಕಲತ್ಲು. ಈಗ ನೋಡಾಕ ಮನ್ಯಾಗ ಯಾರದಾರ?"

ಅವರನ್ನು ಬಸ್ಸಿಗೆ ಹತ್ತಿಸಿ ಬಂದೆ.

೨೧ ನವೆಂಬರ್, ಬುಧವಾರ

ಎರಡು ತಾಟು ಇಟ್ಟೆ. ಬಿಸಿಲಿರುವಾಗಲೇ ಇಬ್ಬರೂ ಉಂಡೆವು. ಬದನೆಕಾಯಿ ಪಲ್ಲೆಗೆ ಉಪ್ಪು ಹೆಚ್ಚಾಗಿತ್ತು. ಎದ್ದು ಕೈ ತೊಳೆದು ಶೇಂಗಾ ಸುಲಿಯಲು ಕುಳಿತೆ. ಅವಳು ಒಲೆ ಮುಚ್ಚಿ ನನ್ನನ್ನು ನೋಡಿದಳು. ನಿಂತೇ ಇದ್ದಳು. ಆಮೇಲೆ ಮಲಗಿದಳು. ನಾನು ಸುಲಿದೆ.

೨೭ ನವೆಂಬರ್, ಮಂಗಳವಾರ

ಬಂದು ಕುಳಿತಳು.

ನಾನು ಕರೆಯಲಿಲ್ಲ. ಒಲೆ ಮುಚ್ಚಿದಳು, "ಹೊತ್ತ ಮುಣಗಿತು" ಎಂದಳು, "ಇನ್ನ ನಾಳಿಗೆ" ಎನ್ನಲಿಲ್ಲ. ಮೊರದ ಎದುರು ಕುಳಿತು, ನಾನು ಸುಲಿದ ರಾಶಿಯಿಂದ ಜೊಳ್ಳು ಕಾಳುಗಳನ್ನು ಬೇರೆ ಮಾಡತೊಡಗಿದಳು. ನನ್ನ ಕೆಲಸ ಅವಳಿಗೆ ಮನಸ್ಸಿಗೆ ಬಂದಿಲ್ಲ ಎಂದು ಕಾಣುತ್ತದೆ. ಇಂದುಬಾಯಿಗೂ ಬರುತ್ತಿರಲಿಲ್ಲ.

ಪಲ್ಲೆ ಇವತ್ತು ಚೆನ್ನಾಗಿತ್ತು. ಎರಡು ರೊಟ್ಟಿ ಹೆಚ್ಚು ಉಂಡೆ.

೧೦ ಡಿಸೆಂಬರ್, ಸೋಮವಾರ

ಲಗ್ನದ ಸೀಜನ್ ಶುರುವಾಗಿದೆ. ರಾಜಪ್ಪನವರು ಮಾತು ಉಳಿಸಿಕೊಂಡರು. ಕೆಲಸ ಏಳರವರೆಗೆ. ಎರಡು ಬುತ್ತಿ ಕಟ್ಟಿದೆ.

ನಾನು ಬಸ್ ಸ್ಟ್ಯಾಂಡಿನಲ್ಲಿ ಇರಬೇಕಿತ್ತು. ಕಾರ್ಖಾನೆಯ ಎದುರು ಒಬ್ಬ ಟೇಲರ್ ಇದ್ದಾನೆ. ಅಂಗಿಯ ಗುಂಡಿ ಹಚ್ಚಿಸುವ ನೆಪದಲ್ಲಿ ಅಲ್ಲಿ ಕುಳಿತೆ. ಬಾಗಿಲು ತೆರೆದೇ ಇತ್ತು. ಬಿಸಿಲು ಗೋಡೆ ಹತ್ತುತ್ತಲೇ ಆರತಿ ಎದ್ದಳು. ನಾನೂ ಎದ್ದು ನಿಂತೆ. ಕೈ ತೊಳೆದು, ಮೂಲೆಯಲ್ಲಿ ಕುಳಿತು ಬುತ್ತಿ ಬಿಚ್ಚಿದಳು. ಕರೆವ್ವ ಎದುರು ಕುಳಿತು ತನ್ನ ರೊಟ್ಟಿ ತೆಗೆದಳು.

ರಾಜಪ್ಪನವರ ದನಿ ರಸ್ತೆಯವರೆಗೂ ಕೇಳಿಸಿತು. "ಏ ಕರೆವ್ವಾ, ನೀ ಯಾವಾಗಿಂದ ಜೈನರಾಕಿ ಆದಿ?"

"ಹುಡುಗಿ ಒಬ್ಬಾಕಿನ ಹೆಂಗ ಉಣ್ಣಬೇಕ್ರಿ? ನೀವೂ ಬರ್ರಿ, ಪುಣ್ಯಾನರೆ ಬರ್ತೈತಿ."

"ಆತ್ರಿ ಆತು. ನನ್ನ ಕಾರ್ಖಾನಿ ಇನ್ನ ಬಸದಿನ ಆತು."

ಆರತಿ ಡಬ್ಬಿ ಮುಚ್ಚಿದಳು. ಗೋಡೆಯ ಹತ್ತಿರ ಹೋಗಿ ಊಟದ ಕಾರ್ಡು ಕಿತ್ತಳು. ಮುಂದಿನ ಕಾರ್ಡು ನೋಡಿದಳು. ಏಪ್ರನ್ ಕಟ್ಟಿಕೊಂಡು, ಟೊಪ್ಪಿಗೆ ಹಾಕಿಕೊಂಡು, ತನ್ನ ಜಾಗಕ್ಕೆ ಹೋಗಿ ಕುಳಿತಳು. ದೀಪ ಹಚ್ಚಿದರು. ಅವಳ ಕೈ ಡಬ್ಬಿಯಿಂದ ಡಬ್ಬಿಗೆ ಹೋಗುವುದು ಕಾಣುತ್ತಿತ್ತು.

ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಅಕ್ಕೋರು. "ಕಾಕಾ, ಆಕಿ ಪಾಸಾದ್ಲು. ನೀವ ಫೇಲ್. ಬಸ್ ಸ್ಟ್ಯಾಂಡ್ ಎಲ್ಲೈತ್ರಿ?"

ನಕ್ಕುಬಿಟ್ಟೆ. ಟೇಲರೂ ನಕ್ಕ. ಗುಂಡಿ ಹಚ್ಚಿಸುವುದು ಮರೆತೇಹೋಯಿತು.

೨೨ ಡಿಸೆಂಬರ್, ಶನಿವಾರ

ಸೋಮವಾರದಿಂದ ನಾನು ಬಸ್ ಸ್ಟ್ಯಾಂಡಿಗೂ ಬರಬಾರದಂತೆ. ಮುಂಜಾನೆ ಕರೆವ್ವ ಅವಳ ಊರಲ್ಲಿ ಬಸ್ ಹತ್ತಿ ಆರತಿಯ ಬಾಜೂ ಕೂರುತ್ತಾಳೆ. ಸಂಜೆ ಕರೆವ್ವ ಇಳಿದ ಮೇಲೆ ನಾಗನೂರಿನವರೆಗೆ ಆರತಿ ಒಬ್ಬಳೇ. ಮನೆಯಲ್ಲೇ ಇರುತ್ತೇನೆಂದು ಅಕ್ಕೋರು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಊರಿನ ಬಸ್ ನಿಲ್ದಾಣದ ಕಟ್ಟೆಗೂ ಹೋಗುವಂತಿಲ್ಲ.

ಹಿತ್ತಲಲ್ಲಿ ಮೆಂತ್ಯ ಹಾಕಬೇಕೆಂದಿದ್ದೇನೆ. ಹೊತ್ತು ಹೋಗಬೇಕಲ್ಲ.

೧೬ ಜನವರಿ ೨೦೦೮, ಬುಧವಾರ

ಡೈರಿಯ ವರ್ಷ ಮುಗಿದಿದೆ. ಬರೆಯದೆ ಬಿಟ್ಟ ಹಾಳೆಗಳಲ್ಲಿ ಬರೆಯುತ್ತಿದ್ದೇನೆ.

ನಿನ್ನೆ ಸಂಕ್ರಾಂತಿ. ಇವತ್ತು ಮಧ್ಯಾಹ್ನ ಅಕ್ಕ ಬಂದಳು. ಆಶ್ರಮದವರು ಉತ್ತರ ಕೇಳಿದ್ದಾರಂತೆ. "ಸಂಜೀಕ ಆಕಿ ಬರ್ಲಿ, ಕಣ್ಣಿಲೆ ನೋಡಿ ಹೇಳ್ತೇನಿ" ಎಂದಳು. ನಾನು ಅಡುಗೆ ಮಾಡುವುದನ್ನು ಕಂಬಕ್ಕೆ ಒರಗಿ ನೋಡಿದಳು. ಮೆಂತ್ಯ ಸೊಪ್ಪಿನ ಪಲ್ಲೆಯಲ್ಲಿ ತಪ್ಪು ತೆಗೆಯುವಂಥದ್ದು ಸಿಗದೆ, ರೊಟ್ಟಿ ದಪ್ಪ ಎಂದಳು.

ಹೊತ್ತಿರುವಾಗಲೇ ಅಕ್ಕ ಉಂಡಳು. "ನೀನೂ ಉಣ್ಣು" ಎಂದಳು. ಬಡಿಸಿಕೊಂಡೆ, ಉಣ್ಣಲಿಲ್ಲ. ಬೆಳಿಗ್ಗೆ ಕರೆವ್ವನ ಊರಿನಿಂದ ಹೇಳಿಕಳಿಸಿದ್ದರು: ಅವಳು ಬೀಗರ ಊರಿಗೆ ಹೋಗಿದ್ದಾಳೆ, ಇವತ್ತು ಕೆಲಸಕ್ಕೆ ಇಲ್ಲ. ಆ ಸುದ್ದಿ ಬರುವಷ್ಟರಲ್ಲಿ ಆರತಿಯ ಬಸ್ಸು ಹೋಗಿಯಾಗಿತ್ತು. ಇಡೀ ದಿನ ಅವಳು ಒಬ್ಬಳೇ.

ಹೊತ್ತು ಮುಳುಗಿತು. ನನ್ನ ತಾಟು ಹಾಗೆಯೇ ಇತ್ತು. ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದೆ, ಮಾತು ಕೊಟ್ಟದ್ದು ನೆನಪಾಗಿ ತಿರುಗಿ ಬಂದೆ. ಮತ್ತೆ ಇಳಿದೆ.

"ಏ, ಕೋಳಿ ಹಂಗ ಸುತ್ತಬ್ಯಾಡ, ಕುಂದ್ರ ಒಂದ ಕಡೆ" ಎಂದು ಅಕ್ಕ ಬೈದಳು. ಅವಳ ಕಣ್ಣೂ ಬಾಗಿಲ ಮೇಲೇ ಇತ್ತು.

ಬಸ್ಸು ಬಂದ ಸದ್ದಾಯಿತು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಗೇಟಿನ ಕೊಂಡಿ ಸದ್ದು. ಆರತಿ ಒಳಗೆ ಬಂದಳು. ಹೆಗಲಲ್ಲಿ ಚೀಲ, ಕೂದಲಲ್ಲಿ ಬೆಲ್ಲದ ವಾಸನೆ. ಕಾಲು ತೊಳೆದಳು. ಖಾಲಿಯಾದ ಎರಡೂ ಬುತ್ತಿ ಡಬ್ಬಿಗಳನ್ನು ತೆಗೆದು ಬಚ್ಚಲಲ್ಲಿ ಇಟ್ಟಳು. ಅತ್ತೆಯನ್ನು ನೋಡಿದಳು.

ಅವಳನ್ನು ನೋಡಿದ್ದೇ ನನಗೆ ಹಸಿವಾಯಿತು. ತಾಟಿನ ಮುಂದೆ ಕುಳಿತು ರೊಟ್ಟಿ ಮುರಿದೆ.

ಆರತಿ ಬಂದು ತಾಟು ಎತ್ತಿದಳು. ಕೈಯಲ್ಲಿದ್ದ ತುಂಡನ್ನೂ ತೆಗೆದುಕೊಂಡಳು. "ಹೊತ್ತ ಮುಣಗಿತು. ಇನ್ನ ನಾಳಿಗೆ" ಎಂದು ಒಳಗೆ ಒಯ್ದು ಮುಚ್ಚಿಟ್ಟಳು.

ಈ ಸಲ ಅದು ಇಂದುಬಾಯಿಯ ದನಿಯಾಗಿರಲಿಲ್ಲ. ಆರತಿಯದೇ ಆಗಿತ್ತು. ದುಡಿದು ಬಂದವರ ದನಿ ಹೇಗಿರುತ್ತದೋ ಹಾಗಿತ್ತು.

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಗುತ್ತಿದ್ದಾ‌ಳೆ ಎಂದುಕೊಂಡೆ. ಕಣ್ಣೊರೆಸಿಕೊಂಡಳು. "ತಡಾ ಮಾಡಿದ್ರ ಇಂದೂನೂ ನನಗ ಹಿಂಗ ಮಾಡತಿದ್ಲು ನೋಡ. ನಾ ಹಿರಿಯಾಕಿ ಅನ್ನೂದೂ ನೋಡತಿರಲಿಲ್ಲ. ನಿನಗ ಇವತ್ತ ಉಪಾಸನ, ನೇಮೂ."

ಆರತಿ ಶೇಂಗಾದ ಮೊರ ತಂದು ನಡುವೆ ಇಟ್ಟಳು. ನಾನು ಕುಳಿತೆ. ಅವಳು ಅತ್ತೆಯ ಮುಂದೆಯೂ ಒಂದು ಬೊಗಸೆ ಸುರಿದಳು.

"ನಾನೂ ಮಾಡ್ಬೇಕೇನ?" ಎಂದು ಅಕ್ಕ ಕೇಳಿದಳು. ಸುಲಿಯತೊಡಗಿದಳು. ಸುಲಿಯುತ್ತ, ಮುಖ ಎತ್ತದೆ ಹೇಳಿದಳು: "ಸಾಂಗಲಿಯವರಿಗೆ ನಾನ ಹೇಳ್ತೇನಿ ಬಿಡು. ಬ್ಯಾರೆ ಯಾರಿಗರೆ ಕೊಡ್ಲಿ ಆ ಜಾಗಾ."

ಆರತಿ ಅಕ್ಕನ ರಾಶಿಯಿಂದಲೂ ಜೊಳ್ಳು ಆರಿಸಿದಳು.

ಈಗ ಇಬ್ಬರೂ ಮಲಗಿದ್ದಾರೆ. ಹೊಟ್ಟೆ ಚುರುಗುಟ್ಟುತ್ತಿದೆ. ನಾಳೆ ಹೊತ್ತಿಗೆ ಸರಿಯಾಗಿ ಉಣ್ಣಬೇಕು.